ಶರತ್ಕಾಲದ ಕೊನೆಯ ಹವೆ: ಉತ್ತರ ಅಮೆರಿಕದ ಮಹಾಬಯಲಿನಲ್ಲಿ ಋತು ಮುನ್ನೋಟದ ಅರ್ಥ

ಉತ್ತರ ಅಮೆರಿಕದ ನಡುವೆ, ರಾಕಿ ಪರ್ವತಗಳ ತಪ್ಪಲಿನಿಂದ ಹೊರಟು ಪೂರ್ವಕ್ಕೆ ಇಳಿಜಾರಾಗಿ ಹಬ್ಬಿರುವ ವಿಶಾಲವಾದ ಹುಲ್ಲುಗಾಡಿಗೆ ಮಹಾಬಯಲು ಎಂದು ಹೆಸರು. ಅದರ ಉತ್ತರ ಭಾಗದಲ್ಲಿ ಉತ್ತರ ಡಕೋಟ, ದಕ್ಷಿಣ ಡಕೋಟ ಸಂಸ್ಥಾನಗಳೂ ಮಾಂಟಾನದ ಪೂರ್ವ ಭಾಗವೂ ಸೇರಿವೆ. ಕೆನಡ ದೇಶದ ಸಸ್ಕಾಚೆವಾನ್, ಮ್ಯಾನಿಟೋಬ ಪ್ರಾಂತಗಳ ದಕ್ಷಿಣದ ಬಯಲು ಇದರದೇ ಮುಂದುವರಿಕೆ. ಇಲ್ಲಿ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಆರೇಳು ವಾರಗಳು ವರ್ಷದಲ್ಲೇ ಅತ್ಯಂತ ಚಂಚಲವಾದ ಕಾಲ. ಆ ವಾರಗಳ ಹವೆಯನ್ನು ಅವಲಂಬಿಸಿ ಕೊಯ್ಲು, ದನಕರುಗಳ ಕ್ಷೇಮ, ಮುಂದಿನ ವಸಂತದ ನೆರೆ ಇವೆಲ್ಲ ನಿಂತಿವೆ. ಆದಕಾರಣ ಅಲ್ಲಿ ಪ್ರಕಟವಾಗುವ ಋತು ಮುನ್ನೋಟಕ್ಕೆ ವಿಶೇಷ ಬೆಲೆಯುಂಟು. ಈ ಮುನ್ನೋಟವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ಸನ್ನಿವೇಶವನ್ನು ಗಮನಿಸಬೇಕು. ನಮ್ಮ ಗಂಗಾ ಬಯಲಿಗೆ ಉತ್ತರದಲ್ಲಿ ಹಿಮಾಲಯವು ಗೋಡೆಯಂತೆ ನಿಂತು ಮಧ್ಯ ಏಷ್ಯದ ಶೀತವಾಯುವನ್ನು ತಡೆಯುತ್ತದೆ. ಅಮೆರಿಕದ ಮಹಾಬಯಲಿಗೆ ಅಂಥ ಗೋಡೆ ಇಲ್ಲ. ಪರ್ವತಗಳು ಪಶ್ಚಿಮದಲ್ಲಿ ಉತ್ತರ-ದಕ್ಷಿಣವಾಗಿ ಹರಡಿರುವುದರಿಂದ, ಆರ್ಕ್ಟಿಕ್ ಪ್ರದೇಶದ ಶೀತವಾಯುವಿಗೂ ಮೆಕ್ಸಿಕೋ ಕೊಲ್ಲಿಯ ತೇವಭರಿತ ಬಿಸಿಗಾಳಿಗೂ ಈ ಬಯಲು ತೆರೆದ ಹೆದ್ದಾರಿಯಾಗಿದೆ. ಸಮುದ್ರವು ದೂರವಾದುದರಿಂದ ಉಷ್ಣತೆಯನ್ನು ಹದದಲ್ಲಿಡುವ ಶಕ್ತಿಯೂ ಇಲ್ಲಿಲ್ಲ. 1936ನೆಯ ಇಸವಿಯೊಂದರಲ್ಲೇ ಉತ್ತರ ಡಕೋಟದ ಅತ್ಯಂತ ಶೀತದ ದಾಖಲೆಯೂ ಅತ್ಯಂತ ಉಷ್ಣದ ದಾಖಲೆಯೂ ಆದುವು: ಫೆಬ್ರವರಿಯಲ್ಲಿ ಸೊನ್ನೆಗಿಂತ 51 ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ಜುಲೈಯಲ್ಲಿ 49 ಡಿಗ್ರಿ ಮೇಲೆ. ಶರತ್ಕಾಲವು ಈ ಎರಡು ಅತಿಗಳ ನಡುವಣ ಇಳಿಜಾರು. ಸಂಸ್ಥಾನದ ರಾಜಧಾನಿ ಬಿಸ್ಮಾರ್ಕ್‌ನಲ್ಲಿ ಅಕ್ಟೋಬರ್ ತಿಂಗಳ ಸರಾಸರಿ ಉಷ್ಣತೆ ಸುಮಾರು 7 ಡಿಗ್ರಿ. ನವೆಂಬರಿನದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ.

ಹಾಗೆಂದು ಈ ಇಳಿತ ಒಂದೇ ಸಮನಾಗಿ ನಡೆಯುವುದಿಲ್ಲ. ರಾಕಿ ಪರ್ವತಗಳನ್ನು ದಾಟಿ ಕೆಳಗಿಳಿಯುವ ಗಾಳಿ ಒತ್ತಡದಿಂದ ಕಾವೇರಿ, ‘ಚಿನೂಕ್’ ಎಂಬ ಒಣ ಬಿಸಿಗಾಳಿಯಾಗಿ ಬೀಸಿದಾಗ ನವೆಂಬರಿನಲ್ಲಿಯೂ ಬೆಚ್ಚನೆಯ ದಿನಗಳು ಬರುತ್ತವೆ. ಮರುದಿನವೇ ಕೆನಡದ ಆಲ್ಬರ್ಟ ಪ್ರಾಂತದ ಕಡೆಯಿಂದ ವೇಗವಾಗಿ ಸರಿಯುವ ಅಲ್ಪಭಾರದ ಸುಳಿಯೊಂದು ಶೀತವಾಯುವನ್ನೂ ತೆಳುವಾದ ಹಿಮವನ್ನೂ ಎಳೆದು ತರಬಹುದು. 1940ರ ನವೆಂಬರ್ 11ರಂದು ಪಕ್ಕದ ಮಿನೆಸೋಟ ಮೊದಲಾದ ಕಡೆಗಳಲ್ಲಿ ಬೆಳಗ್ಗೆ ಹಿತವಾಗಿದ್ದ ಹವೆ ಕೆಲವೇ ಗಂಟೆಗಳಲ್ಲಿ ಹಿಮದ ಬಿರುಗಾಳಿಯಾಗಿ ತಿರುಗಿ, ಸುಮಾರು 150 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ತೆಳು ಉಡುಪಿನಲ್ಲಿ ಬಾತುಕೋಳಿಗಳ ಬೇಟೆಗೆ ಹೋದವರು.

ಇಷ್ಟು ಚಂಚಲವಾದ ಹವೆಯ ಬಗ್ಗೆ ತಿಂಗಳುಗಳ ಮುಂಚೆ ಏನನ್ನಾದರೂ ಹೇಳಲು ಸಾಧ್ಯವೆ? ದಿನದಿನದ ಹವೆಯನ್ನು ಹೇಳುವುದು ಸಾಧ್ಯವಿಲ್ಲ. ಒಟ್ಟಿನ ಒಲವನ್ನು ಸೂಚಿಸಬಹುದು. ಇದಕ್ಕೆ ಮುಖ್ಯ ಆಧಾರ ಶಾಂತಸಾಗರದ ಸಮಭಾಜಕ ಪ್ರದೇಶದ ನೀರಿನ ಉಷ್ಣತೆ. ಆ ನೀರು ವಾಡಿಕೆಗಿಂತ ಬೆಚ್ಚಗಾದರೆ ‘ಎಲ್ ನಿನೊ’, ತಣ್ಣಗಾದರೆ ‘ಲಾ ನಿನಾ’. ನಮ್ಮ ನೈಋತ್ಯ ಮಳೆಗಾಲವನ್ನು ಅನೇಕ ವರ್ಷ ಕುಗ್ಗಿಸಿರುವ ಎಲ್ ನಿನೊ ಇದೇ. ಅದು ತಲೆದೋರಿದ ವರ್ಷ ಮಹಾಬಯಲಿನ ಉತ್ತರ ಭಾಗದಲ್ಲಿ ಚಳಿಗಾಲವು ಸೌಮ್ಯವಾಗುವ ಒಲವುಂಟು. ಲಾ ನಿನಾ ವರ್ಷದಲ್ಲಿ ಮೇಲ್ಪದರದ ಜೆಟ್ ಪ್ರವಾಹವು ಬಳುಕಿ ಶೀತವಾಯು ದಕ್ಷಿಣಕ್ಕೆ ಇಳಿಯುವ ಸಂಭವ ಹೆಚ್ಚು. ಆದರೆ ಈ ಪ್ರಭಾವ ನಡುಚಳಿಗಾಲದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಶರತ್ಕಾಲದಲ್ಲಿ ಕಾಣುವುದಿಲ್ಲ. ಅಲ್ಲದೆ, ಆರ್ಕ್ಟಿಕ್ ಪ್ರದೇಶದ ವಾಯುಭಾರದ ಏರಿಳಿತಗಳು ಕೆಲವು ವಾರಗಳ ಮಟ್ಟಿಗೆ ಇದನ್ನು ಪೂರ್ತಿಯಾಗಿ ಮರೆಸಿಬಿಡಬಲ್ಲವು.

ಆದ್ದರಿಂದಲೇ ಅಮೆರಿಕದ ವಾಯುಗುಣ ಮುನ್ನೋಟ ಕೇಂದ್ರವು ತನ್ನ ಅಭಿಪ್ರಾಯವನ್ನು ಸಂಭಾವ್ಯತೆಯ ರೂಪದಲ್ಲಿ ಕೊಡುತ್ತದೆ. 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ದಾಖಲೆಗಳನ್ನು ಕ್ರಮವಾಗಿ ಜೋಡಿಸಿ, ಶೀತ, ವಾಡಿಕೆ, ಉಷ್ಣ ಎಂದು ಮೂರು ಸಮಭಾಗ ಮಾಡುತ್ತಾರೆ. ಯಾವ ಸುಳಿವೂ ಇಲ್ಲದಿದ್ದಾಗ ಒಂದೊಂದಕ್ಕೂ ನೂರಕ್ಕೆ ಸುಮಾರು 33ರಷ್ಟು ಅವಕಾಶ. ಮುನ್ನೋಟದ ನಕ್ಷೆಯಲ್ಲಿ ಉಷ್ಣಭಾಗಕ್ಕೆ 40 ಎಂದಿದ್ದರೆ, ವಾಡಿಕೆಯ ಭಾಗಕ್ಕೆ 33, ಶೀತಭಾಗಕ್ಕೆ 27 ಉಳಿದಿವೆಯೆಂದು ಅರ್ಥ. ಅಂದರೆ ಇಂಥ ನೂರು ಮುನ್ನೋಟಗಳಲ್ಲಿ ಸುಮಾರು ಅರುವತ್ತರಲ್ಲಿ ಋತುವು ಉಷ್ಣಭಾಗಕ್ಕೆ ಸೇರುವುದಿಲ್ಲ. ಸೇರದಿರುವುದೇ ಆ ಮುನ್ನೋಟ ಸರಿಯಾಗಿದೆ ಎಂಬುದರ ಗುರುತು. ನಕ್ಷೆಯ ಕೆಂಪುಬಣ್ಣವನ್ನು ಕಂಡು ‘ಈ ವರ್ಷ ಚಳಿ ಇಲ್ಲ’ ಎಂದು ತೀರ್ಮಾನಿಸುವವನು ಮುನ್ನೋಟ ಹೇಳದ ಮಾತನ್ನು ಅದರ ಬಾಯಲ್ಲಿ ಇಟ್ಟಂತಾಗುತ್ತದೆ.

ಸರಾಸರಿಯ ಹಿಂದೆ ಅಡಗಿರುವ ಅಪಾಯಕ್ಕೆ 2013ರ ಅಕ್ಟೋಬರ್ ಮೊದಲ ವಾರ ಸಾಕ್ಷಿ. ದಕ್ಷಿಣ ಡಕೋಟದ ಪಶ್ಚಿಮದಲ್ಲಿ ದನಗಳು ಇನ್ನೂ ಬೇಸಗೆಯ ತೆರೆದ ಹುಲ್ಲುಗಾವಲಿನಲ್ಲಿದ್ದುವು; ಮೈಮೇಲೆ ಚಳಿಗಾಲದ ದಟ್ಟ ರೋಮ ಬೆಳೆದಿರಲಿಲ್ಲ. ಮೊದಲು ಮಳೆ ಬಿದ್ದು ಅವುಗಳ ಮೈ ತೊಯ್ದಿತು. ಬಳಿಕ ಬಿರುಗಾಳಿಯೊಡನೆ ಭಾರವಾದ ಹಿಮ ಸುರಿಯಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಕೆಲವೆಡೆ ಅದು ನಾಲ್ಕು ಅಡಿಯಷ್ಟಾಯಿತು. ಹತ್ತಾರು ಸಾವಿರ ದನಗಳು ಸತ್ತುವು. ಅದೇ ಹಿಮ ಡಿಸೆಂಬರಿನಲ್ಲಿ ಬಿದ್ದಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ. ಇಲ್ಲಿ ನಿರ್ಣಾಯಕವಾದುದು ಶೀತದ ಪ್ರಮಾಣಕ್ಕಿಂತ ಹೆಚ್ಚಾಗಿ ಅದು ಬಂದ ಕಾಲ.

ಶರತ್ಕಾಲದ ತೇವದ ಫಲವಾದರೋ ತಿಂಗಳುಗಳ ಮೇಲೆ ತಿಳಿಯುತ್ತದೆ. ನೆಲವು ನೀರನ್ನು ಹೀರಿಕೊಂಡಿರುವಾಗಲೇ ಹೆಪ್ಪುಗಟ್ಟಿದರೆ, ವಸಂತದಲ್ಲಿ ಕರಗುವ ಹಿಮದ ನೀರು ಒಳಗೆ ಇಂಗಲಾರದೆ ಮೇಲೆಯೇ ಹರಿಯುತ್ತದೆ. ಉತ್ತರ ಡಕೋಟ, ಮಿನೆಸೋಟಗಳ ಗಡಿಯಲ್ಲಿ ಹರಿಯುವ ರೆಡ್ ನದಿ ಉತ್ತರಾಭಿಮುಖಿ; ದಕ್ಷಿಣದ ಮೇಲ್ದಂಡೆಯಲ್ಲಿ ಹಿಮ ಕರಗುವಾಗ ಉತ್ತರದ ಪಾತ್ರ ಇನ್ನೂ ಮಂಜುಗಡ್ಡೆಯಿಂದ ಮುಚ್ಚಿರುತ್ತದೆ. 1996ರ ಶರತ್ಕಾಲ ತೇವವಾಗಿತ್ತು. ಅನಂತರದ ಚಳಿಗಾಲದಲ್ಲಿ ಹಿಮದ ಬಿರುಗಾಳಿಗಳು ಮೇಲಿಂದ ಮೇಲೆ ಬಂದುವು. ಗ್ರ್ಯಾಂಡ್ ಫೋರ್ಕ್ಸ್ ನಗರದಲ್ಲಿ ನದಿ 49 ಅಡಿಗೆ ಏರಬಹುದೆಂದು ಅಧಿಕೃತ ಮುನ್ನೋಟ ಹೇಳಿತು. ಜನರು ಆ ಸಂಖ್ಯೆಯನ್ನೇ ನಂಬಿ, ಅದಕ್ಕಿಂತ ಕೆಲವೇ ಅಡಿ ಎತ್ತರವಾಗಿ ಒಡ್ಡು ಕಟ್ಟಿದರು. 1997ರ ಏಪ್ರಿಲಿನಲ್ಲಿ ನದಿ 54 ಅಡಿ ಮೀರಿತು; ಸುಮಾರು 50,000 ಜನ ಮನೆ ಬಿಡಬೇಕಾಯಿತು. ಮುನ್ನೋಟದ ಸಂಖ್ಯೆಗಿಂತ ಹೆಚ್ಚು ಕೇಡು ಮಾಡಿದುದು ಅದರ ಜೊತೆಗೆ ಅನಿಶ್ಚಯದ ಅಳತೆ ಸ್ಪಷ್ಟವಾಗಿ ಇಲ್ಲದಿದ್ದುದು. ಅನಂತರ ನದಿಯ ಮುನ್ನೋಟಗಳಿಗೂ ಸಂಭಾವ್ಯತೆಯ ರೂಪವನ್ನು ಕೊಡುವ ಪದ್ಧತಿ ಬೆಳೆಯಿತು.

ಈ ಬಯಲಿನ ಋತು ಮುನ್ನೋಟವನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡಬಹುದು: ಒಲವು ಯಾವ ಕಡೆಗೆ? ಅದು ಸಮ ಅವಕಾಶಕ್ಕಿಂತ ಎಷ್ಟು ಹೆಚ್ಚು? ಅದು ತಪ್ಪಿದರೆ ಯಾರಿಗೆ ಎಷ್ಟು ನಷ್ಟ? ಮೊದಲೆರಡಕ್ಕೆ ಹವಾ ವಿಜ್ಞಾನಿ ಉತ್ತರ ಕೊಡಬಲ್ಲನು. ಮೂರನೆಯದನ್ನು ದನಗಳನ್ನು ಯಾವಾಗ ಕೊಟ್ಟಿಗೆಯ ಬಳಿಗೆ ತರಬೇಕು, ಒಡ್ಡನ್ನು ಎಷ್ಟು ಎತ್ತರಿಸಬೇಕು ಎಂದು ನಿಶ್ಚಯಿಸುವವರೇ ಲೆಕ್ಕ ಹಾಕಬೇಕು.