ನಳದ ನೀರೂ ಹವಾಮಾನದ ಮಾತೂ

ಬೆಳಗಾವಿಯ ಟಿಳಕವಾಡಿಯಲ್ಲಿ ‘ಕಾಂಗ್ರೆಸ್ ಬಾವಿ’ ಇದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರಿಗಾಗಿ ತೋಡಿಸಿದ್ದು. ರಕ್ಕಸಕೊಪ್ಪ ಜಲಾಶಯದ ನೀರು ನಳಕ್ಕೆ ಬಂದಮೇಲೆ ಊರಿನ ಹಳೆಯ ಬಾವಿಗಳನ್ನು ಕೇಳುವವರಿಲ್ಲವಾಯಿತು. 1995ರಲ್ಲಿ ನೀರಿಗೆ ತತ್ವಾರವಾದಾಗ ಪಾಲಿಕೆಗೆ ಅವು ನೆನಪಾದವು. ಹೂಳೆತ್ತಿಸಿ, ಪಂಪು ಕೂರಿಸಿ, ಸುತ್ತಲ ಗಲ್ಲಿಗಳಿಗೆ ನೀರು ಕೊಟ್ಟರು.

ಅದನ್ನು ಆಗ ಯಾರೂ ಹವಾಮಾನ ಕ್ರಮ ಎನ್ನಲಿಲ್ಲ. ಆದರೂ ಲೆಕ್ಕ ಹಾಕಿ. ನಗರಕ್ಕೆ ನೀರು ಕೊಡುವ ಹಿಡಕಲ್ ಜಲಾಶಯ ಊರಿಗಿಂತ ಸುಮಾರು 90 ಮೀಟರ್ ತಗ್ಗಿನಲ್ಲಿದೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು ಕಾಲು ಯುನಿಟ್ ವಿದ್ಯುತ್ ಬೇಕೇ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. ನಮ್ಮ ಗ್ರಿಡ್‌ನ ಒಂದೊಂದು ಯುನಿಟ್ಟಿಗೂ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಹತ್ತು ಮೀಟರ್ ಆಳದ ಬಾವಿಯಿಂದ ಎತ್ತಲು ಆ ಕಾಲು ಯುನಿಟ್ಟಿನ ಒಂಬತ್ತರಲ್ಲೊಂದು ಪಾಲು ಸಾಕು.

ಮುಂದೆ 2008ರ ಹೊತ್ತಿಗೆ, ವಿಶ್ವಬ್ಯಾಂಕ್ ನೆರವಿನಲ್ಲಿ, ಇಲ್ಲಿನ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಕೆಲವೆಡೆಗೂ. ನಳಕ್ಕೆ ಮೀಟರ್ ಎಂದೊಡನೆ ಬಿಲ್ ಏರೀತು, ನೀರು ಖಾಸಗಿಯವರ ಪಾಲಾದೀತು ಎಂಬ ಭಯ ಹುಟ್ಟಿತ್ತು. ಅದು ಸುಳ್ಳು ಭಯವೆಂದು ನಾನು ಹೇಳುವುದಿಲ್ಲ. ಮನೆಮನೆಗೆ ಹೋಗಿ ವಿವರಿಸುವ ಕೆಲಸಕ್ಕೆ ಸ್ವಯಂಸೇವಾ ಸಂಸ್ಥೆಗಳನ್ನು ನೇಮಿಸಬೇಕಾಯಿತು. ಆದರೆ ಭಾಷಣಕ್ಕಿಂತ ನಳವೇ ಚೆನ್ನಾಗಿ ವಾದ ಮಾಡಿತು. ಕೊಳವೆ ಸದಾ ತುಂಬಿದ್ದರೆ ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಸೋರಿಕೆ ಬೇಗ ಪತ್ತೆಯಾಗುತ್ತದೆ. ನಿನ್ನೆಯ ಕೊಡ ಚೆಲ್ಲಿ ಇಂದಿನದು ತುಂಬುವ ಅಭ್ಯಾಸವೂ ತಪ್ಪುತ್ತದೆ. ‘ನಮಗ ಯಾವಾಗ?’ ಎಂದು ಉಳಿದ ವಾರ್ಡಿನವರು ಕೇಳತೊಡಗಿದರು. ವಿಸ್ತರಣೆ ಎಳೆದಾಡಿದ್ದು ಬೇರೆ ಕಥೆ, ಆ ತಡವೇ ಗಳಿಸಿದ ನಂಬಿಕೆಯನ್ನು ಕರಗಿಸುತ್ತದೆ.

ಪಕ್ಕದ ಖಾನಾಪುರ ತಾಲ್ಲೂಕಿನ ಮಾತು ಬೇರೆ. ಮಲಪ್ರಭೆ ಹುಟ್ಟುವುದು ಅಲ್ಲಿನ ಕಣಕುಂಬಿಯಲ್ಲಿ. ಅದರ ನೀರನ್ನು ಹುಬ್ಬಳ್ಳಿ-ಧಾರವಾಡ ಕುಡಿಯುತ್ತದೆ. ಅದೇ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಧಾಮವಾಯಿತು. ಕಾಡು ಉಳಿಸುವ ಲಾಭ ದೂರದ ಪಟ್ಟಣಕ್ಕೆ, ರಸ್ತೆಯಿಲ್ಲದ ಕಷ್ಟ ಕಾಡಿನ ಊರಿಗೆ. 2024ರ ಮಳೆಗಾಲದಲ್ಲಿ ಆ ಕಾಡಿನೊಳಗಿನ ಆಮಗಾಂವದ ಜನ ರೋಗಿಯನ್ನು ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ತಂದರು. ಅಂಥವರ ಮುಂದೆ ಇಂಗಾಲದ ಪಾಠ ಹೇಳಲು ಯಾವ ಪಂಚಾಯಿತಿಗೂ ಬಾಯಿ ಬರಬಾರದು. 2025ರ ಮೇ ತಿಂಗಳಲ್ಲಿ ಅದೇ ಕಾಡಿನ ತಳೇವಾಡಿಯ 27 ಕುಟುಂಬಗಳು ಪರಿಹಾರ ಪಡೆದು ಕಾಡು ಬಿಡಲು ಒಪ್ಪಿದವು; ಕುಟುಂಬಕ್ಕೆ 15 ಲಕ್ಷ ರೂಪಾಯಿ. ಉಳಿದ ಹಳ್ಳಿಗಳು ಈಗ ನೋಡುವುದು ಆ 27 ಮನೆಯವರು ಹೇಗೆ ಬದುಕುತ್ತಿದ್ದಾರೆಂಬುದನ್ನೇ.

ಬೆಳಗಾವಿ ಪಾಲಿಕೆ ಇಂದೇ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಹಿಡಕಲ್ ನೀರಿಗೆ ಕಳೆದ ತಿಂಗಳು ಬಂದ ಕರೆಂಟ್ ಬಿಲ್ ಎಷ್ಟು, ಈ ಬಾವಿಯ ಪಂಪಿಗೆ ಎಷ್ಟು ಎಂದು ಪ್ರತಿ ಬಾವಿಯ ಕಟ್ಟೆಯ ಮೇಲೆ ಬರೆಸಲಿ, ಕನ್ನಡದ ಕೆಳಗೆ ಮರಾಠಿಯಲ್ಲೂ. ಖರ್ಚು ಒಂದು ಡಬ್ಬಿ ಬಣ್ಣದ್ದು.