ನಾಯಿಯೊಡನೆ ಬೇಸಿಗೆಯ ಕಾರುಪಯಣ

ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಕಲಬುರಗಿಯ ಕಡೆಗೆ ಕಾರಿನಲ್ಲಿ ಹೊರಡುವ ಕುಟುಂಬಗಳು ಸಾಕಿದ ನಾಯಿಯನ್ನೂ ಕರೆದೊಯ್ಯುವುದುಂಟು. ಅದನ್ನು ಅನ್ಯರ ಬಾಗಿಲಲ್ಲಿ ಬಿಟ್ಟುಹೋಗದ ಮಮತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಊಟಕ್ಕೆಂದು ಇಳಿದವರು ಅದನ್ನು ಕಾರಿನೊಳಗೇ ಬಿಟ್ಟು ಬಾಗಿಲು ಹಾಕುವುದನ್ನು ಒಪ್ಪಲಾರೆವು.

ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಮುಖ್ಯವಾಗಿ ಪಾದದಡಿಯಲ್ಲಿ, ಅದೂ ಅಲ್ಪ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದು ಮೈ ತಂಪಾಗಿಸಿಕೊಳ್ಳುವ ಬಗೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು; ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಗಾಳಿಯೇ ಕಾದಿರುವಾಗ ಏದುಸಿರಿನಿಂದ ಫಲವೇನು? ನಾಯಿಯ ಸಹಜ ದೇಹತಾಪ 38ರಿಂದ 39 ಡಿಗ್ರಿ. 41 ದಾಟಿದರೆ ಪ್ರಾಣಕ್ಕೇ ಕುತ್ತು. ನಗರದವರು ಮುದ್ದಿನಿಂದ ಸಾಕುವ ಮೊಂಡುಮೂಗಿನ ಪಗ್ ತಳಿಗಂತೂ ಅಪಾಯ ಇನ್ನೂ ಹೆಚ್ಚು.

ಮನೆಯವರು ಸರದಿಯಂತೆ ಉಣ್ಣಲಿ, ಒಬ್ಬರು ನಾಯಿಯೊಡನೆ ನೆರಳಲ್ಲಿರಲಿ. ಹೊರಡುವ ಮೂರು ಗಂಟೆ ಮೊದಲೇ ಆಹಾರ ಕೊಟ್ಟರೆ ವಾಂತಿಯ ಕಾಟ ಕಡಿಮೆ. ಹಿಂದಿನ ಆಸನದ ಬೆಲ್ಟಿಗೆ ಎದೆಯನ್ನು ಬಳಸುವ ಪಟ್ಟಿಯನ್ನು ಸೇರಿಸಬೇಕು, ಕೊರಳ ಪಟ್ಟಿಯನ್ನಲ್ಲ. ನಾಯಿ ಜೊಲ್ಲು ಸುರಿಸುತ್ತ ತೂರಾಡಿದರೆ ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಸಮೀಪದ ಪಶುವೈದ್ಯರಲ್ಲಿಗೆ ಒಯ್ಯಬೇಕು.