ಏಳನೇ ದರ್ಜೆಯ ಬಡಗಿ

1998ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ಎದುರು 3-0ರಿಂದ ಸೋತು ಜರ್ಮನಿ ಮನೆಗೆ ಮರಳಿತು. ಸ್ಟ್ರೈಕರ್ ಯುರ್ಗನ್ ಕ್ಲಿನ್ಸ್‌ಮನ್ ರಾಷ್ಟ್ರೀಯ ತಂಡ ಬಿಟ್ಟರು. ಅವರ ಜಾಗಕ್ಕೆ ಆಳು ಹುಡುಕುವವರು ಕೂಸೆಲ್ ಪಟ್ಟಣದ ಮಗ್ಗುಲಿನ ಬ್ಲೌಬಾಖ್-ಡೀಡೆಲ್‌ಕೋಫ್‌ನತ್ತ ತಿರುಗಿ ನೋಡಲು ಕಾರಣವೇ ಇರಲಿಲ್ಲ. ಅದು ಏಳನೇ ದರ್ಜೆಯ ಹಳ್ಳಿ ತಂಡ. ಅಲ್ಲಿ ಗೋಲು ಹೊಡೆಯುತ್ತಿದ್ದ ಇಪ್ಪತ್ತರ ಮಿರೊಸ್ಲಾವ್ ಕ್ಲೋಸೆ ಕಲಿತ ಕಸುಬು ಮರಗೆಲಸ.

ಪೋಲೆಂಡಿನ ಒಪೋಲೆಯಲ್ಲಿ ಹುಟ್ಟಿ, ಎಂಟರ ಆಸುಪಾಸಿನಲ್ಲಿ ಭಾಷೆಯೇ ಬಾರದ ಜರ್ಮನಿಗೆ ಬಂದಿದ್ದ ಹುಡುಗ. ತಂದೆ ವೃತ್ತಿಪರ ಫುಟ್‌ಬಾಲಿಗ, ತಾಯಿ ಪೋಲೆಂಡ್ ತಂಡದ ಹ್ಯಾಂಡ್‌ಬಾಲ್ ಆಟಗಾರ್ತಿ. ಆದರೂ ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಅವನು ಬಿದ್ದಿರಲಿಲ್ಲ.

1998ರಲ್ಲೇ ಹೊಂಬುರ್ಗ್ ಕ್ಲಬ್ ಕರೆಯಿತು. ಮರುವರ್ಷ ಕೈಸರ್ಸ್‌ಲೌಟರ್ನ್, ಅಲ್ಲೂ ಮೊದಲು ಎರಡನೇ ತಂಡದಲ್ಲೇ ಬೆವರು ಹರಿಸಬೇಕಾಯಿತು. 2000ದ ಏಪ್ರಿಲ್‌ನಲ್ಲಿ ಬುಂಡೆಸ್‌ಲೀಗಾದ ಬಾಗಿಲು ತೆರೆಯಿತು. ಪೋಲೆಂಡಿನ ಕೋಚ್ ಯೆಜಿ ಎಂಗೆಲ್ ತಮ್ಮ ತಂಡಕ್ಕೆ ಬರುವಂತೆ ಒತ್ತಾಯಿಸಿದರು. ಕ್ಲೋಸೆ ಜರ್ಮನಿಯ ಕರೆಗಾಗಿ ಕಾದರು. ಆ ಕಾಯುವಿಕೆಗೆ ಎಂಥ ಎದೆಗಾರಿಕೆ ಬೇಕಿತ್ತು! ಕರೆ ಬಾರದೇ ಹೋಗಿದ್ದರೆ ಎರಡೂ ಕಡೆ ನೆಲೆಯಿಲ್ಲ.

2001ರ ಮಾರ್ಚ್ 24, ಲೆವರ್‌ಕೂಸನ್. ಅಲ್ಬೇನಿಯಾ ಎದುರು ಪಂದ್ಯ 1-1ರಲ್ಲಿ ಸಿಕ್ಕಿಹಾಕಿಕೊಂಡಿತ್ತು. 73ನೇ ನಿಮಿಷಕ್ಕೆ ಬದಲಿಯಾಗಿ ಇಳಿದ ಕ್ಲೋಸೆ, 88ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದರು. ಮರುವರ್ಷದ ವಿಶ್ವಕಪ್‌ನಲ್ಲಿ ಐದು ಗೋಲು, ಐದೂ ತಲೆಯಿಂದ.

2014ರ ಹೊತ್ತಿಗೆ ಅವರಿಗೆ 36. ಘಾನಾ ಎದುರು ಬದಲಿಯಾಗಿ ಬಂದು ಎರಡೇ ನಿಮಿಷದಲ್ಲಿ 15ನೇ ವಿಶ್ವಕಪ್ ಗೋಲು ಗಳಿಸಿ ಬ್ರೆಜಿಲ್‌ನ ರೊನಾಲ್ಡೊ ದಾಖಲೆಯನ್ನು ಸರಿಗಟ್ಟಿದರು. ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಎದುರಾಳಿ ಬ್ರೆಜಿಲ್ಲೇ. 23ನೇ ನಿಮಿಷ. ಕ್ಲೋಸೆ ಒದ್ದ ಚೆಂಡನ್ನು ಗೋಲ್‌ಕೀಪರ್ ಜೂಲಿಯೊ ಸೀಸರ್ ತಡೆದೇಬಿಟ್ಟರು. ಚೆಂಡು ಪುಟಿದು ಮತ್ತೆ ಅವರ ಕಾಲಬುಡಕ್ಕೇ ಬಂತು. ಈ ಸಲ ಬಲೆ ಸೇರಿತು. ಹದಿನಾರು!

ತಲೆಯಿಂದ ಹೊಡೆದ ಗೋಲುಗಳ ಗುಟ್ಟು ಸರಳವಾಗಿತ್ತು. ಕ್ಲೋಸೆ ಗೋಲಿನ ಮುಂದೆ ನಿಂತು ಕಾಯುತ್ತಿರಲಿಲ್ಲ, ಕ್ರಾಸ್ ಬರುವ ಗಳಿಗೆಗೆ ಸರಿಯಾಗಿ ಓಡಿಬರುತ್ತಿದ್ದರು. ಓಟದ ವೇಗದ ಒಂದಂಶ ಜಿಗಿತಕ್ಕೆ ಸೇರುವುದರಿಂದ, ಓಡಿಬಂದು ಹಾರುವವನು ನಿಂತಲ್ಲೇ ಹಾರುವ ಡಿಫೆಂಡರ್‌ಗಿಂತ ಮೇಲೇರುತ್ತಾನೆ.